ಅಜ್ಬಕಿಯ್ಯಾ ಗೋಡೆಗೆ ಬಂದ ಚಂದ್ರ

ಶುಬ್ರಾ, ಕೈರೋ
೧೨ ಸೆಪ್ಟೆಂಬರ್ ೨೦೦೫

ಸೋದರಿ ಅಂಜೀಲ್ ಅವರಿಗೆ,

ಇಂಥ ಪತ್ರಕ್ಕೆಂದೇ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಸಾಲು ಬಾಯಿಪಾಠ ಮಾಡಿಸಿದ್ದರು. 'ವಿತ್ ಹೆವಿ ಹಾರ್ಟ್ ಅಂಡ್' ಎಂದು ಶುರುವಾಗುತ್ತಿತ್ತು. ಆ 'ಅಂಡ್' ಆದಮೇಲೆ ಏನಿತ್ತೋ ಮರೆತುಹೋಗಿದೆ. ಭಾರವಾದ ಹೃದಯವಂತೂ ಇದೆ, ಅದರ ಜೊತೆ ಇನ್ನೇನಿರಬೇಕಿತ್ತೋ ಗೊತ್ತಿಲ್ಲ. ನಿಮ್ಮ ಯಜಮಾನರು, ನಮ್ಮ ವಿಸ್ಸಾ, ಹೋದ ಸುದ್ದಿಯನ್ನು ನನಗೆ ಯಾರೂ ತಿಳಿಸಲಿಲ್ಲ ತಾಯಿ. ಅವನ ಪುಸ್ತಕಗಳು ತಿಳಿಸಿದವು.

ಶುಕ್ರವಾರ ನಾನು ಅಜ್ಬಕಿಯ್ಯಾದ ಹಳೇ ಪುಸ್ತಕದ ಗೋಡೆಗೆ ಹೋಗದೆ ಇರುವವನಲ್ಲ, ನಿಮಗೆ ಗೊತ್ತಲ್ಲ. ಬಯ್ಯೂಮಿಯ ಅಂಗಡಿಯ ಮುಂದೆ ಹಗ್ಗ ಬಿಗಿದ ಕಟ್ಟುಗಳು ಬಿದ್ದಿದ್ದವು. ಎಲ್ಲ ಚಂದ್ರನವೇ. ಚಂದ್ರನ ನಕ್ಷೆಗಳು, ಚಂದ್ರನ ಮೇಲೆ ಇಳಿದವರ ಕಥೆಗಳು, ಇನ್ನೂ ಯಾರೂ ಇಳಿಯದೆ ಇದ್ದ ಕಾಲದಲ್ಲಿ ಅಲ್ಲಿ ಪಾಚಿ ಬೆಳೆಯುತ್ತದೆಂದು ಬರೆದವು. ಮೇಲಿನದನ್ನು ತೆರೆದೆ. ಮೊದಲ ಪುಟದಲ್ಲಿ ಆ ನೇರಳೆ ಮುದ್ರೆ, ಶನಿಯ ಉಂಗುರದೊಳಗೆ 'ವಿಸ್ಸಾ ತಾದ್ರೋಸ್'.

ಬಯ್ಯೂಮಿ ಹೇಳಿದ, 'ಒಳ್ಳೇ ಮನುಷ್ಯ ಇದ್ದಿರ್ಬೇಕು ಉಸ್ತಾದ್, ಒಂದ್ ಪುಟಾನೂ ಮಡಚಿಲ್ಲ ನೋಡಿ. ದೇವ್ರು ಕರುಣೆ ತೋರ್ಸ್ಲಿ.'

ನಮ್ಮ ಗೋಡೆಯ ಕಡೆ ಇದಕ್ಕೆ ಒಂದೇ ಅರ್ಥ. ಪುಸ್ತಕ ಕೂಡಿಡುವವನು ಬದುಕಿರುವಾಗ ಮನಸ್ಸಿಲ್ಲದೆ ಒಂದೋ ಎರಡೋ ಮಾರುತ್ತಾನೆ. ಮುದ್ರೆಯ ಸಮೇತ ಕಟ್ಟುಗಟ್ಟಲೆ ಬಂದವೆಂದರೆ, ಮನೆಯವರು ಅವನನ್ನು ಮಣ್ಣಿಗೆ ಒಪ್ಪಿಸಿ ಬಂದು ಕಪಾಟು ಖಾಲಿ ಮಾಡಿದ್ದಾರೆಂದೇ. ಎಲ್ಲವನ್ನೂ ನಾನೇ ಕೊಂಡೆ. ಬೇರೆಯವರ ಕೈಗೆ ಹೋಗುವುದನ್ನು ನೋಡುವ ಶಕ್ತಿ ಇರಲಿಲ್ಲ.

ಫೋನ್ ಮಾಡೋಣವೆಂದರೆ ನಿಮ್ಮ ಅಳು ಕೇಳಲು ಧೈರ್ಯ ಬರಲಿಲ್ಲ. ನಿನ್ನೆಯ ಪೇಪರಿನ ಮರಣವಾರ್ತೆಯ ಪುಟದಲ್ಲಿ ಅವನಿಗೊಂದು ಸಂತಾಪ ಹಾಕಿಸಿದ್ದೇನೆ. 'ಚಂದ್ರನನ್ನು ಅವನಷ್ಟು ಬಲ್ಲವರು ಈ ನಾಡಿನಲ್ಲಿ ಇರಲಿಲ್ಲ' ಎಂದು ಬರೆಸಿದೆ. ಉತ್ಪ್ರೇಕ್ಷೆಯಲ್ಲ.

ಇನ್ನೊಂದು ಮಾತು. ಆರು ವರ್ಷದ ಹಿಂದೆ ನನ್ನ ಹೆಂಡತಿ ಸನಿಯ್ಯಾ ತೀರಿಕೊಂಡಾಗ ವಿಸ್ಸಾ ಸಂತಾಪದ ಸಭೆಗೆ ಬರಲಿಲ್ಲ. ಮೂವತ್ತು ವರ್ಷ ನನ್ನ ಮನೆಯಲ್ಲಿ ಅವಳ ಕೈಯ ಊಟ ಉಂಡವನು ಒಂದು ಕಾಗದವನ್ನೂ ಹಾಕಲಿಲ್ಲ. ಆಮೇಲೆ ನಾನೂ ಬರೆಯಲಿಲ್ಲ. ಅದನ್ನು ಈಗ ಮನ್ನಿಸಿದ್ದೇನೆ. ಹೋದವನು ಹಗುರಾಗಿ ಹೋಗಲಿ.

ನಿಮ್ಮ ದುಃಖದಲ್ಲಿ ಪಾಲುಳ್ಳ,
ರಿಫಾತ್ ಶಲಬಿ


ಮುಹರ್ರಂ ಬೇ, ಅಲೆಕ್ಸಾಂಡ್ರಿಯಾ
೨೫ ಸೆಪ್ಟೆಂಬರ್ ೨೦೦೫

ಲೋ ರಿಫಾತ್,

ನಾನು ಸತ್ತ ಸುದ್ದಿ ತಲುಪಿತು. ಸಂತೋಷ.

ಬದುಕಿದ್ದಾಗ ಒಂದು ದಿನವಾದರೂ 'ಚಂದ್ರನನ್ನು ಬಲ್ಲವನು' ಎಂದೆಯಾ? 'ನಿನ್ನ ಅಮೆರಿಕನ್ನರು ಹೋಗಿ ಕಲ್ಲು ಆರಿಸಿಕೊಂಡು ಬಂದರು, ನನ್ನ ರಷ್ಯನ್ನರು ದಾರಿ ತೋರಿಸಿದರು' ಎಂದೇ ತಲೆ ತಿಂದೆ. ಈಗ ಹಣ ಕೊಟ್ಟು ಪೇಪರಿನಲ್ಲಿ ಹೊಗಳಿಸುತ್ತೀಯ.

ನಿನ್ನ ಹೊಗಳಿಕೆಯ ಫಲ ಕೇಳು. ಪೇಪರ್ ಬಂದ ಬೆಳಿಗ್ಗೆಯೇ ನಮ್ಮ ಬೀದಿಯ ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಅಳುತ್ತಾ ಬಂದ. ಬಾಗಿಲು ತೆರೆದವನು ನಾನು. ಚರ್ಚಿನಿಂದ ಪಾದ್ರಿಗಳು ಫೋನ್ ಮಾಡಿ ಅಂತ್ಯಕ್ರಿಯೆ ಯಾವ ಚರ್ಚಿನಲ್ಲಿ ಮಾಡಿಸಿದಿರೆಂದು ಬೇಸರದಿಂದ ಕೇಳಿದರು. ಅಸ್ಯೂತ್‌ನಿಂದ ನನ್ನ ಅಕ್ಕ ಅಡಿಯಿಂದ ಮುಡಿಯವರೆಗೆ ಕಪ್ಪುಟ್ಟು ರೈಲಿಳಿದು ಬಂದಳು. ನಾನು ಬೇಯಿಸಿದ ಅವರೆಗೆ ಎಣ್ಣೆ ಹಾಕಿಕೊಂಡು ತಿನ್ನುತ್ತಾ ಕೂತಿದ್ದೆ. ನೋಡಿದವಳೇ ಕೆನ್ನೆಗೆ ಒಂದು ಬಿಟ್ಟಳು. 'ನಿನ್ಗೋಸ್ಕರ ರೈಲಲ್ಲಿ ಟಾಂಟಾ ಊರ್ ತನಕ ಎದೆ ಬಡ್ಕೊಂಡ್ ಬಂದಿದೀನಿ ಕಣೋ, ನೀನ್ ಇಲ್ಲಿ ಈರುಳ್ಳಿ ಕಡೀತಾ ಕೂತಿದೀಯ!' (ಎರಡು ಬಿಟ್ಟರು. ನಾನೇ ನೋಡಿದೆ. ಅಂಜೀಲ್)

ಪುಸ್ತಕಗಳನ್ನು ನಾನೇ ಹಳೇ ಸಾಮಾನಿನ ಗಾಡಿಯವನಿಗೆ ಕೊಟ್ಟೆ. ಅವು ಕೈರೋ ತನಕ ಬರುತ್ತವೆಂದು ಯಾರಿಗೆ ಗೊತ್ತಿತ್ತು? ಮನೆಯಲ್ಲಿ ಜಾಗವಿಲ್ಲ. (ಜಾಗ ಬೇಕಾದಷ್ಟಿದೆ. ಅಂ.) ಕೈ ನೋಯುತ್ತಿರುವುದರಿಂದ ಈ ಪತ್ರವನ್ನು ಇವಳಿಂದ ಬರೆಸುತ್ತಿದ್ದೇನೆ. (ಕೈ ಚೆನ್ನಾಗಿದೆ. ಅಂ.)

ಆದರೆ ಸನಿಯ್ಯಾಳ ಸಂತಾಪಕ್ಕೆ ಬರಲಿಲ್ಲ ಎಂದೆಯಲ್ಲ, ಅದು ಯಾವ ಲೆಕ್ಕ? ಬಂದಿದ್ದೆ. ನನ್ನನ್ನು ನೀನು ಹೇಗೆ ಬರಮಾಡಿಕೊಂಡೆ ಎಂಬುದು ನಿನಗೇ ಗೊತ್ತಿದೆ. ಅದನ್ನು ನಾನು ಮನ್ನಿಸಿಲ್ಲ.

ಇನ್ನೂ ಉಸಿರಾಡುತ್ತಿರುವ,
ವಿಸ್ಸಾ


ಶುಬ್ರಾ, ಕೈರೋ
೨ ಅಕ್ಟೋಬರ್ ೨೦೦೫

ಮಾರಾಯ ವಿಸ್ಸಾ,

ನಿನ್ನ ಪತ್ರ ಓದಿ ಮೊದಲು ಕುಣಿದೆ. ಕೆಳಮನೆಯವರು ಸೂರಿಗೆ ಕೋಲಿನಿಂದ ಕುಟ್ಟಿದರು. ಆಮೇಲೆ ಕೋಪ ಬಂತು. ಆಮೇಲೆ ಹಸಿವಾಯಿತು. ಮೂರು ವಾರದಿಂದ ಸರಿಯಾಗಿ ಉಂಡಿರಲಿಲ್ಲ ಎಂದು ಆಗ ನೆನಪಾಯಿತು. ನಿನ್ನ ಅಕ್ಕನಿಗೆ ನನ್ನ ಕ್ಷಮೆ ತಿಳಿಸು. ಇಂಗ್ಲಿಷಿನಲ್ಲಿ 'ವೆರಿ ಮಚ್ ಶೇಮ್' ಅನ್ನುತ್ತಾರೆ, ಅಥವಾ ಅದಕ್ಕೆ ಹತ್ತಿರವಾದದ್ದು ಏನೋ.

ಕೋಪ ಯಾಕೆಂದರೆ, ಸತ್ತವನು ಪುಸ್ತಕ ಬಿಟ್ಟುಹೋದರೆ ಅರ್ಥವಾಗುತ್ತದೆ. ಬದುಕಿರುವವನು ಚಂದ್ರನನ್ನು ಹಳೇ ಪಾತ್ರೆ, ಹರಿದ ಚಾಪೆಯ ಜೊತೆ ಗಾಡಿಗೆ ಹಾಕುತ್ತಾನೆಯೇ? ಅದೇ ಗೋಡೆಯ ಬಳಿ ಒಂದೇ ಪುಸ್ತಕಕ್ಕೆ ಇಬ್ಬರೂ ಕೈಯಿಟ್ಟು ಅಲ್ಲವೇನೋ ನಮ್ಮ ಪರಿಚಯವಾದದ್ದು? ಅಂಗಡಿಯವನು 'ಒಬ್ರು ಚಂದ್ರ ತಗೊಳ್ಳಿ, ಒಬ್ರು ಮಿಕ್ಕಿದ್ ಆಕಾಶ ತಗೊಳ್ಳಿ, ನನ್ ತಲೆ ತಿನ್ಬೇಡಿ' ಎಂದಿದ್ದಕ್ಕೆ ಜೀವಮಾನವಿಡೀ ಹಾಗೆಯೇ ಹಂಚಿಕೊಂಡೆವು. ಮಂಗಳ ಗ್ರಹದ ಒಳ್ಳೆಯದೊಂದು ಸಿಕ್ಕರೆ ನೀನು ನನಗೆ ಕಳಿಸುತ್ತಿದ್ದೆ, ಚಂದ್ರನದು ಸಿಕ್ಕರೆ ನಾನು ನಿನಗೆ. ನಿನ್ನ ಪಾಲನ್ನು ಹೀಗೆ ಹೊರಗೆ ಹಾಕಲು ನನ್ನನ್ನು ಕೇಳಬೇಕಿತ್ತು. ಜಾಗವಿಲ್ಲವಂತೆ! ಅಂಜೀಲ್ ಅವರ ಅಕ್ಷರ ನಿನಗಿಂತ ನೇರ.

ಸಂತಾಪದ ಮಾತಿಗೆ ಬರುತ್ತೇನೆ. ನೀನು ಬರಲಿಲ್ಲ ವಿಸ್ಸಾ. ಮಸೀದಿಯ ಸಭಾಂಗಣದ ಬಾಗಿಲಲ್ಲಿ ನಾನೂ ನನ್ನ ತಮ್ಮನೂ ಸಂಜೆಯ ಮಗ್ರಿಬ್ ಪ್ರಾರ್ಥನೆ ಮುಗಿದಾಗಿನಿಂದ ಜನ ಕರಗುವವರೆಗೆ ನಿಂತಿದ್ದೆವು. ಬಂದ ಪ್ರತಿ ಕೈಯನ್ನೂ ಹಿಡಿದಿದ್ದೇನೆ. ನಿನ್ನ ಕೈ ಬಂದಿದ್ದರೆ ನಾನು ಬಿಡುತ್ತಿದ್ದೆನೇ? ಅವತ್ತು ನಾನು ಬಾಗಿಲು ನೋಡುತ್ತಿದ್ದದ್ದು ಒಬ್ಬನಿಗಾಗಿ.

ಸುಳ್ಳು ಹೇಳಿ ಇದನ್ನು ತೇಲಿಸಬೇಡ. ಬರಲಾಗಲಿಲ್ಲ ಎಂದು ಹೇಳು, ಸಾಕು.

ರಿಫಾತ್


ಅಲೆಕ್ಸಾಂಡ್ರಿಯಾ
೨೦ ನವೆಂಬರ್ ೨೦೦೫

ರಿಫಾತ್,

ಉತ್ತರ ಬೇಡವೆಂದುಕೊಂಡಿದ್ದೆ. ಅಂಜೀಲ್ ದಿನಾ ಲೇಖನಿ ತಂದು ಎದುರಿಗೆ ಕೂರುತ್ತಾಳೆ. ಬರೆಸದಿದ್ದರೆ ಚಹಾ ಇಲ್ಲವಂತೆ.

ಸುಳ್ಳು ಎಂದೆ. ಸರಿ, ಕೇಳು. ಮಧ್ಯಾಹ್ನದ ರೈಲಿಗೆ ಬಂದೆ. ಮಸೀದಿಗೆ ಟ್ಯಾಕ್ಸಿ ಹಿಡಿದೆ. ಮೆಟ್ಟಿಲು ಹತ್ತಿದೆ. ಬಾಗಿಲ ಉದ್ದಕ್ಕೂ ಹೂವಿನ ದೊಡ್ಡ ದೊಡ್ಡ ಚಕ್ರಗಳು. ನಮ್ಮ ರಿಫಾತ್ ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಾ ಬರೆಯುತ್ತಾ ಇಷ್ಟು ದೊಡ್ಡವರ ಸ್ನೇಹ ಮಾಡಿದ್ದಾನಲ್ಲ ಅಂದುಕೊಂಡೆ. ಸಾಲಾಗಿ ನಿಂತಿದ್ದವರ ಕೈ ಹಿಡಿಯುತ್ತಾ ಬಂದೆ. ನೀನು ನನ್ನ ಕೈಯನ್ನು ತುದಿಬೆರಳಿನಲ್ಲಿ ಮುಟ್ಟಿ 'ಬಂದಿದ್ದು ದೊಡ್ ಉಪಕಾರ' ಎಂದೆ. ಎಲ್ಲರಿಗೂ ಹೇಳುವಂತೆ. ತಬ್ಬಿಕೊಳ್ಳಲಿಲ್ಲ. ನಾನು 'ಸನಿಯ್ಯಾ ನನ್ಗೂ ತಂಗಿ ಕಣೋ' ಎಂದೆ. ನೀನು ಆಗಲೇ ನನ್ನ ಹಿಂದಿನವನ ಕೈ ಹಿಡಿದಿದ್ದೆ.

ಒಳಗೆ ಹೋಗಿ ಕೂತೆ. ಸಕ್ಕರೆಯಿಲ್ಲದ ಕಾಫಿ ಕೊಟ್ಟರು. ಕುರಾನ್ ಓದುತ್ತಿದ್ದವರಿಗೆ ಶೀತವಾಗಿತ್ತು, ಒಂದು ಭಾಗ ಮುಗಿಸುವುದರೊಳಗೆ ಏಳೆಂಟು ಸಲ ಕೆಮ್ಮಿದರು. ಅವರು ನಿಲ್ಲಿಸಿದಾಗ ಎಲ್ಲರ ಜೊತೆ ಎದ್ದು ಬಂದೆ. ಹೊರಗೆ ಬರುವಾಗಲೂ ನೀನು ನೋಡಲಿಲ್ಲ. ಕಡೆಯ ರೈಲಿನಲ್ಲಿ ವಾಪಸಾದೆ. ನನ್ನ ದೇವರು ಬೇರೆ, ನಾನು ನಿಮ್ಮ ಮಸೀದಿಗೆ ಬಂದದ್ದೇ ನಿನ್ನ ನೆಂಟರೆದುರು ನಿನಗೆ ಮುಜುಗರವಾಯಿತೇನೋ ಅಂದುಕೊಂಡೆ. ಆರು ವರ್ಷ ಅದನ್ನೇ ಅಂದುಕೊಂಡಿದ್ದೇನೆ.

ಇನ್ನು ಬರೆಯಬೇಡ.

ವಿಸ್ಸಾ

(ಬರೆಯಿರಿ. ಅಂ.)


ಶುಬ್ರಾ, ಕೈರೋ
೮ ಡಿಸೆಂಬರ್ ೨೦೦೫

ವಿಸ್ಸಾ, ವಿಸ್ಸಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಮೊದಮೊದಲು ನೀನು ಕಥೆ ಕಟ್ಟುತ್ತಿದ್ದೀಯ ಅಂದುಕೊಂಡೆ. ಆ ಕೆಮ್ಮು ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮಲ್ಲಿ ಓದಿದ ಶೇಖ್ ಕೆಮ್ಮಲಿಲ್ಲ. ಗಂಟೆಯಂಥ ದನಿ ಅವರದು, ಸನಿಯ್ಯಾಳ ತಾಯಿ 'ಈ ದನಿ ಕೇಳಿ ನನ್ ಮಗ್ಳು ನೆಮ್ದಿಯಾಗ್ ಮಲಗಿರ್ತಾಳೆ' ಎಂದಿದ್ದರು. ಹೂವಿನ ಚಕ್ರಗಳೂ ನಮ್ಮಲ್ಲಿರಲಿಲ್ಲ. ನನಗೆ ಹೂ ಕಳಿಸುವವರು ಯಾರಿದ್ದಾರೆ?

ಮೆಟ್ಟಿಲು ಹತ್ತಿದೆ ಎಂದೆಯಲ್ಲ. ನಾವು ಕೆಳಗಿನ ಸಭಾಂಗಣದಲ್ಲಿದ್ದೆವು ಕಣೋ! ಆ ಮಸೀದಿಯಲ್ಲಿ ಎರಡು ಸಭಾಂಗಣ. ಅವತ್ತು ಮೇಲಿನದರಲ್ಲಿ ಯಾರೋ ಸಿಮೆಂಟ್ ಕಂಟ್ರಾಕ್ಟರನ ತಾಯಿಯ ಸಂತಾಪ. ಅವನ ಕಡೆಯವರು ಇಬ್ಬರು ತಪ್ಪಿ ನಮ್ಮಲ್ಲಿಗೆ ಬಂದು, ಕಾಫಿ ಕುಡಿದು, ಗೊತ್ತಾದಮೇಲೆ ನಾಚಿ ಎದ್ದುಹೋದದ್ದು ನನಗೆ ನೆನಪಿದೆ. ನೀನು ಆ ಕಂಟ್ರಾಕ್ಟರನಿಗೆ ಸಂತಾಪ ಹೇಳಿ, ಅವನು ತಬ್ಬಲಿಲ್ಲವೆಂದು ಆರು ವರ್ಷ ನನ್ನ ಮೇಲೆ ಮುನಿಸಿಕೊಂಡಿದ್ದೀಯ!

ನಕ್ಕೆ. ನಗು ನಿಂತಮೇಲೆ ಸಕ್ಕರೆ ಹಾಕದೆ ಒಂದು ಕಾಫಿ ಮಾಡಿಕೊಂಡೆ. ನೀನು ಬಂದಿದ್ದೆ. ನಾನು ಕೆಳಗೆ ಬಾಗಿಲು ನೋಡುತ್ತಾ ನಿಂತಿದ್ದಾಗ ನೀನು ನನ್ನ ತಲೆಯ ಮೇಲೆಯೇ ಕೂತು ಕಹಿ ಕಾಫಿ ಕುಡಿಯುತ್ತಿದ್ದೆ.

ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ, ಕೇಳಿಯೇಬಿಡುತ್ತೇನೆ. ಮೆಟ್ಟಿಲು ತಪ್ಪುವುದು ಯಾರಿಗಾದರೂ ಆಗುತ್ತದೆ. ಕೈ ಹಿಡಿಯುವಷ್ಟು ಹತ್ತಿರದಲ್ಲಿ ನಿಂತು ಇನ್ನೊಬ್ಬನ ಮುಖವನ್ನು ನನ್ನದೆಂದು ಹೇಗೆ ತಿಳಿದೆ? ಕೈ ನೋವು ಎನ್ನುತ್ತೀಯ, ಅಂಜೀಲ್ ಇಲ್ಲವೆನ್ನುತ್ತಾರೆ. ನಿಜ ಹೇಳು. ಯಾವಾಗಿನಿಂದ?

ರಿಫಾತ್


ಅಲೆಕ್ಸಾಂಡ್ರಿಯಾ
೧೦ ಜನವರಿ ೨೦೦೬

ರಿಫಾತ್,

ನಮ್ಮ ಕ್ರಿಸ್‌ಮಸ್ ಜನವರಿ ಏಳಕ್ಕಲ್ಲವೇ, ಅದು ಮುಗಿಯಲಿ ಎಂದು ಕಾಯುತ್ತಿದ್ದೆ.

ಆ ವರ್ಷವೇ ಶುರುವಾಗಿತ್ತು. ಏನನ್ನು ನೆಟ್ಟು ನೋಡುತ್ತೇನೋ ಅದರ ನಡುವೆಯೇ ಒಂದು ಮಸುಕು. ಸುತ್ತಲಿನದು ಕಾಣುತ್ತದೆ, ನಡುವಿನದು ಇಲ್ಲ. ಮುಖದಲ್ಲಿ ಕಿವಿ, ಕೂದಲು, ಕಾಲರು, ಅಷ್ಟೇ. ನಿನ್ನ ಎತ್ತರದವನು, ನಿನ್ನ ಹಾಗೆ ಬಕ್ಕತಲೆ, ಕಪ್ಪು ಕೋಟು, ಸಾವಿನ ಮನೆ. ಇನ್ನು ಬೇರೆ ಯಾರಿರಬೇಕು ಅಂದುಕೊಂಡೆ. ದನಿಯೋ, ಕುರಾನ್ ಓದುವವರ ಮೈಕಿನಲ್ಲಿ ಮುಳುಗಿಹೋಗಿತ್ತು. ನನಗೆ ಹೀಗಾಗಿದೆ ಎಂದು ಆಗ ಅಂಜೀಲ್‌ಗೂ ಹೇಳಿರಲಿಲ್ಲ. ಬಂದರಿನ ಕಚೇರಿಯಲ್ಲಿ ಕಾಗದ ನೋಡುವ ಕೆಲಸ, ಗೊತ್ತಾದರೆ ಮನೆಗೆ ಕಳಿಸುತ್ತಿದ್ದರು.

ಈಗ ಅಕ್ಷರವೇ ಇಲ್ಲ. ಪುಸ್ತಕಗಳನ್ನು ಬೆನ್ನಿನ ಬಣ್ಣ ನೋಡಿ ಗುರುತಿಸುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಅದೂ ಕಲಸಿಹೋಯಿತು. ಯಾವುದು ಯಾವುದೆಂದು ತಿಳಿಯದ ಮೇಲೆ ಕಪಾಟಿನ ಮುಂದೆ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ. ಗಾಡಿಯವನು ಕೂಗುತ್ತಾ ಹೋಗುತ್ತಿದ್ದ, ಕರೆದೆ.

ಅವು ನಿನ್ನಲ್ಲಿವೆ ಎಂದು ಕೇಳಿ ಒಳ್ಳೆಯದೇ ಆಯಿತೆನಿಸಿತು. ವಾಪಸ್ ತರುವ ಮಾತೆತ್ತಬೇಡ. 'ಬಂದು ಓದಿ ಹೇಳ್ತೀನಿ' ಎಂದೂ ಅನ್ನಬೇಡ. ನಿನ್ನ ಇಂಗ್ಲಿಷ್ ನನಗೆ ಗೊತ್ತು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ನೀನು ಗಟ್ಟಿಯಾಗಿ ಓದಿ ಹೇಳಿದ ಪುಸ್ತಕದಲ್ಲಿ ಅವರು ಇಳಿದರೋ ಬಿದ್ದರೋ ಕೊನೆಯವರೆಗೂ ತಿಳಿಯಲಿಲ್ಲ.

ಮತ್ತು ಬರಬೇಡ. ನಾನು ಗೋಡೆ ಸವರಿಕೊಂಡು ನಡೆಯುವುದನ್ನು ನೀನು ನೋಡುವುದು ಬೇಡ. ಪತ್ರ ಸಾಕು.

ವಿಸ್ಸಾ

(ಸನಿಯ್ಯಾಳ ಸುದ್ದಿ ತಿಳಿದ ದಿನ ಇವರು ಊಟ ಬಿಟ್ಟು ರೈಲು ಹತ್ತಿದ್ದರು. ಇದನ್ನು ನಿಮಗೆ ಹೇಳಬೇಕೆನಿಸಿತು. ಅಂ.)


ಶುಬ್ರಾ, ಕೈರೋ
೨೦ ಫೆಬ್ರವರಿ ೨೦೦೬

ಪ್ರಿಯ ವಿಸ್ಸಾ,

ನಿನ್ನ ಪತ್ರಕ್ಕೆ ಏನು ಬರೆಯಬೇಕೆಂದು ತೋಚದೆ ಒಂದು ತಿಂಗಳು ಕಳೆದೆ. ಅನುಕಂಪದ ಮಾತು ಬರೆದರೆ ಹರಿದುಹಾಕುತ್ತೀಯ. ಆದ್ದರಿಂದ ಬೇರೆ ವಿಷಯ.

ಮಾರ್ಚ್ ಕೊನೆಯಲ್ಲಿ ಸೂರ್ಯಗ್ರಹಣ. ಖಗ್ರಾಸ. ನಮ್ಮ ದೇಶದಲ್ಲಿ ಪೂರ್ತಿ ಕಾಣುವುದು ಪಶ್ಚಿಮದ ತುದಿಯ ಸಲ್ಲೂಮ್ ಊರಿನ ಬಳಿ, ಲಿಬಿಯಾದ ಗಡಿಯಲ್ಲಿ. ಖಗೋಳ ಸಂಘದವರು ಬಸ್ಸು ಮಾಡಿದ್ದಾರೆ, ಅಲೆಕ್ಸಾಂಡ್ರಿಯಾದ ಮೇಲೆಯೇ ಹೋಗುತ್ತದೆ. ಎರಡು ಸೀಟು ಹಿಡಿದಿದ್ದೇನೆ. ಗ್ರಹಣದ ಬಗ್ಗೆ ಇಷ್ಟು ಪುಸ್ತಕ ಕೂಡಿಟ್ಟೆವು, ಒಂದನ್ನಾದರೂ ನೋಡಿದ್ದೇವೆಯೇ? ಗ್ರಹಣ ಎಂದರೆ ಚಂದ್ರ ಬಂದು ನಿಲ್ಲುವುದು, ಅಂದರೆ ಅದು ನಿನ್ನ ಇಲಾಖೆ. ಮುಚ್ಚಿಹೋಗುವ ಸೂರ್ಯ ಮಾತ್ರ ನನ್ನ ಪಾಲಿನದು. ನಿನ್ನ ಅಪ್ಪಣೆಯಿಲ್ಲದೆ ನಾನೊಬ್ಬನೇ ಹೋಗುವುದು ಚೆನ್ನಾಗಿರುವುದಿಲ್ಲ.

ಬರುತ್ತೀಯ ತಾನೆ?

ರಿಫಾತ್


ಅಲೆಕ್ಸಾಂಡ್ರಿಯಾ
೬ ಮಾರ್ಚ್ ೨೦೦೬

ರಿಫಾತ್,

ಕುರುಡನನ್ನು ಸಿನಿಮಾಕ್ಕೆ ಕರೆಯುತ್ತಿದ್ದೀಯ. ಬರುವುದಿಲ್ಲ. ಸೀಟು ಬೇರೆ ಯಾರಿಗಾದರೂ ಕೊಡು.

ವಿಸ್ಸಾ

(ಕೊಡಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಎಷ್ಟನೇ ತಾರೀಖು ಎಂದು ಕೇಳುತ್ತಾರೆ. ಮರಳುಗಾಡಿನಲ್ಲಿ ಮಾರ್ಚ್ ತಿಂಗಳಲ್ಲಿ ಚಳಿ ಇರುತ್ತದೆಯೇ ಎಂದು ಕ್ಷೌರಿಕನನ್ನು ಕೇಳಿದರಂತೆ. ಕೋಟು ತೆಗೆದಿಟ್ಟಿದ್ದೇನೆ. ಅಂ.)


ಶುಬ್ರಾ, ಕೈರೋ
೫ ಏಪ್ರಿಲ್ ೨೦೦೬

ಸೋದರಿ ಅಂಜೀಲ್ ಅವರಿಗೆ,

ನಿಮ್ಮ ಮನೆಯವರು ಸಲ್ಲೂಮ್‌ನಿಂದ ಬಂದವರು ಚಳಿಯ ಬಗ್ಗೆ, ಬಸ್ಸಿನ ಸೀಟಿನ ಬಗ್ಗೆ, ದಾರಿಯಲ್ಲಿ ತಿಂದ ಹಳಸಿದ ಫಲಾಫೆಲ್ ಬಗ್ಗೆ ಮಾತ್ರ ಹೇಳಿದರೆಂದು ಫೋನಿನಲ್ಲಿ ಹೇಳಿದಿರಿ. ಮಿಕ್ಕಿದ್ದನ್ನು ನಾನು ಬರೆಯದಿದ್ದರೆ ನಿಮಗೆ ತಿಳಿಯುವುದೇ ಇಲ್ಲ. ಇಷ್ಟು ಪತ್ರ ಬರೆದುಕೊಟ್ಟ ನಿಮಗೆ ಅಷ್ಟು ತಿಳಿಯಲೇಬೇಕು.

ಬಸ್ ನಿಲ್ದಾಣದಲ್ಲಿ ನಿಮ್ಮ ಕೈ ಬಿಟ್ಟು ನನ್ನ ಕಡೆ ಬಂದಾಗ ಅವನು ನನ್ನನ್ನು ನೇರವಾಗಿ ನೋಡಲಿಲ್ಲ, ನೀವು ಗಮನಿಸಿರಬೇಕು. ತಲೆ ಓರೆಮಾಡಿ ಕಡೆಗಣ್ಣಿನಲ್ಲಿ ನೋಡಿದ. 'ದಪ್ಪಗಾಗಿದೀಯ' ಎಂದ. ಆರು ವರ್ಷದ ಮೇಲೆ ಮೊದಲ ಮಾತು ಅದು. ನಾನು 'ನೀನ್ ಸತ್ತಿದ್ ದುಃಖಕ್ಕೆ ತಿಂದಿದ್ದು' ಎಂದೆ. ಮತ್ರೂಹ್ ಊರು ದಾಟಿದಮೇಲೆ ರಷ್ಯನ್ನರ ವಿಷಯ ಬಂತು ನೋಡಿ, ಹಿಂದಿನ ಸೀಟಿನವರು ಎದ್ದು ಜಾಗ ಬದಲಾಯಿಸಿದರು.

ಸಲ್ಲೂಮ್‌ನ ಎತ್ತರದ ಬಯಲಿನಲ್ಲಿ ಜನಜಾತ್ರೆ. ದೂರದರ್ಶಕ ಇಟ್ಟವರು, ಚಹಾ ಮಾರುವವರು, ಗ್ರಹಣದ ನಮಾಜಿಗೆ ಸಾಲು ನಿಂತವರು. ಎಲ್ಲರೂ ಕಪ್ಪು ಕನ್ನಡಕ ಹಾಕಿ ಮುಖ ಮೇಲೆತ್ತಿದ್ದರು. ವಿಸ್ಸಾ ಮಾತ್ರ ಮಡಿಸುವ ಕುರ್ಚಿಯಲ್ಲಿ ಕೋಟಿನ ಕಾಲರು ಎಬ್ಬಿಸಿಕೊಂಡು ಕೂತಿದ್ದ. 'ನೀನ್ ನೋಡು. ನಂಗೆ ಹೇಳ್ಬೇಡ. ನಿನ್ ವರ್ಣನೆ ಬೇಡ' ಎಂದ.

ಬಿಸಿಲು ತೆಳ್ಳಗಾಯಿತು. ಗಾಳಿ ತಣ್ಣಗಾಯಿತು. ಒಮ್ಮೆಲೇ ಕತ್ತಲು. ಜನ ಕೂಗಿಕೊಂಡರು, ಯಾರೋ 'ಅಲ್ಲಾಹು ಅಕ್ಬರ್' ಎಂದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಕನ್ನಡಕ ತೆಗೆದು ನೋಡಿದೆ. ನಡುವೆ ಕಪ್ಪು, ಸುತ್ತಲೂ ಬಿಳಿಯ ಬೆಳಕು. ನನ್ನ ಕಾಲೇಜಿನ ಇಂಗ್ಲಿಷಿನಲ್ಲೂ ಅದಕ್ಕೆ ಪದವಿಲ್ಲ, ನಮ್ಮ ಭಾಷೆಯಲ್ಲೂ ಇಲ್ಲ. ವರ್ಣಿಸಬೇಡ ಎಂದಿದ್ದರೂ ತಡೆಯಲಾರದೆ 'ನಡುವೆ ಏನೂ ಇಲ್ಲ ಕಣೋ, ಸುತ್ತ ಮಾತ್ರ ಇದೆ' ಎಂದೆ.

'ನಿಮ್ಗೆಲ್ಲ ನಾಲ್ಕ್ ನಿಮಿಷ. ನಂಗೆ ದಿನಾ' ಎಂದ. ನಗುತ್ತಿದ್ದ ತಾಯಿ, ಆಣೆ. ಎದ್ದು ನಿಂತು ಸುತ್ತ ತಿರುಗತೊಡಗಿದ. 'ಎಲ್ಲಾ ದಿಕ್ಕಲ್ಲೂ ಸೂರ್ಯ ಮುಳುಗ್ತಾ ಇದಾನೆ ನೋಡೋ! ಸಮುದ್ರದ್ ಕಡೆ, ಲಿಬಿಯಾ ಕಡೆ, ನಮ್ ಹಿಂದೆ! ನೋಡಿದ್ಯಾ?' ನಾನು ನೋಡಿರಲಿಲ್ಲ. ನಾವ್ಯಾರೂ ನೋಡಿರಲಿಲ್ಲ, ಎಲ್ಲರ ಕಣ್ಣೂ ನಡುವಿಗೇ ಅಂಟಿಕೊಂಡಿತ್ತು. ತಿರುಗಿದೆ. ಬಾನಂಚಿನ ಉದ್ದಕ್ಕೂ ಕಿತ್ತಳೆ ಬಣ್ಣದ ಬಳೆ. ಅವನು ಹೇಳದಿದ್ದರೆ ಅದನ್ನು ತಪ್ಪಿಸಿಕೊಂಡು ಮನೆಗೆ ಬರುತ್ತಿದ್ದೆ.

ಆಗ ಅವನು ಕೈ ಚಾಚಿ ನನ್ನ ತೋಳು ಹುಡುಕಿದ. ತೋಳಿನಿಂದ ಕೈಗೆ ಬಂದ. ಮುಖವನ್ನು ಓರೆಯಾಗಿ ತೀರ ಹತ್ತಿರಕ್ಕೆ ತಂದು ನೋಡಿದ.

'ರಿಫಾತ್ ತಾನೆ? ಕಂಟ್ರಾಕ್ಟರ್ ಅಲ್ವಲ್ಲ?'

'ನಾನೇ ಕಣೋ.'

'ಸನಿಯ್ಯಾಳ್ ಉಳಿದ್ ಆಯುಸ್ಸು ನಿನ್ಗೆ ಸೇರ್ಲಿ' ಎಂದ.

ಸಂತಾಪಕ್ಕೆ ಬಂದವರೆಲ್ಲ ಹೇಳುವ ಈ ಮಾತಿಗೆ ಉತ್ತರವಾಗಿ ಹೇಳಬೇಕಾದದ್ದು ಏನೆಂದು ಮಕ್ಕಳಿಗೂ ಗೊತ್ತು. ಆ ಬಾಗಿಲಲ್ಲಿ ನಿಂತು ಅವತ್ತು ಎಷ್ಟು ಜನರಿಗೆ ಹೇಳಿದ್ದೆ. ಈಗ ಅವನನ್ನು ತಬ್ಬಿಕೊಂಡೆ. ಬೆಳಕು ವಾಪಸ್ ಬಂತು, ಚಹಾದವನು ಮತ್ತೆ ಕೂಗತೊಡಗಿದ, ಜನ ಕುರ್ಚಿ ಮಡಿಸಿ ಬಸ್ಸಿನ ಕಡೆ ಹೊರಟರು. ನಾನು ಇನ್ನೂ ಅವನನ್ನು ಬಿಟ್ಟಿರಲಿಲ್ಲ.

ನಿಮ್ಮ ಸೋದರ,
ರಿಫಾತ್ ಶಲಬಿ